ನಿಧಾನವಾಗಿ ಓಡುವ ನಾಚಿಕೆ

ನಲವತ್ತೈದು ದಾಟಿದ ಗಂಡಸು ಮೈಸೂರಿನಲ್ಲಿ ಬೆಳಗಿನ ಆರು ಗಂಟೆಗೆ ಓಡುತ್ತಿದ್ದಾನೆ ಎಂದರೆ ಅವನ ಹಿಂದೆ ನಾಯಿ ಇರಬೇಕು, ಇಲ್ಲವೇ ಲ್ಯಾಬ್ ರಿಪೋರ್ಟ್ ಇರಬೇಕು. ನಾಯಿಯಾದರೆ ತಿರುವಿನಲ್ಲಿ ಬಿಟ್ಟುಬಿಡುತ್ತದೆ. ಲ್ಯಾಬ್ ರಿಪೋರ್ಟ್ ಬಿಡುವುದಿಲ್ಲ. ಮೂರು ತಿಂಗಳ ಸಕ್ಕರೆಯ ಸರಾಸರಿ, ಕೊಲೆಸ್ಟ್ರಾಲು, ಅವುಗಳ ಪಕ್ಕದಲ್ಲಿ ದಪ್ಪಕ್ಷರದಲ್ಲಿ ‘ಹೈ’ ಎಂದು ಅಚ್ಚಾದ ಆ ಎರಡು ಪುಟ ಫ್ರಿಜ್ಜಿನ ಮೇಲೆ ಕೂತು, ಮನೆಮಂದಿಗೆಲ್ಲ ಮಾತಾಡುವ ಅಧಿಕಾರ ಕೊಡುತ್ತದೆ. ಡಾಕ್ಟರು ಹೇಳಿದ್ದು ‘ಸ್ವಲ್ಪ ವಾಕಿಂಗ್ ಮಾಡಿ’ ಎಂದಷ್ಟೇ. ಆದರೆ ವಾಕಿಂಗ್ ರಿಟೈರಾದವರ ಕೆಲಸ ಎಂಬ ನಂಬಿಕೆ ನಮ್ಮಲ್ಲಿ ಗಟ್ಟಿಯಾಗಿದೆ. ಅದಕ್ಕೆ ಒಪ್ಪಿಕೊಂಡರೆ ವಯಸ್ಸನ್ನೇ ಒಪ್ಪಿಕೊಂಡಂತೆ. ಹಾಗಾಗಿ ನಾವು ಓಡಲು ಹೊರಡುತ್ತೇವೆ. ಯುಗಾದಿಯ ಮಾರನೆಯ ದಿನ, ಹೊಸ ಶೂ ಹಾಕಿಕೊಂಡು, ಪಿಯುಸಿಯಲ್ಲಿ ಎಷ್ಟು ಜೋರಾಗಿ ಓಡುತ್ತಿದ್ದೆವೋ ಅಷ್ಟೇ ಜೋರಾಗಿ.

ನಾನು ಹೋಗುವುದು ಕುಕ್ಕರಹಳ್ಳಿ ಕೆರೆಗೆ. ಮುಮ್ಮಡಿ ಕೃಷ್ಣರಾಜ ಒಡೆಯರು 1864ರಲ್ಲಿ ಊರಾಚೆಯ ಹೊಲಗದ್ದೆಗೆ ನೀರಾಗಲಿ ಎಂದು ಕಟ್ಟಿಸಿದ ಕೆರೆ. ಆ ಊರಾಚೆ ಎಂದೋ ಊರಾಗಿಹೋಯಿತು. ಈಗ ಕೆರೆಗೆ ಹೆಜ್ಜಾರ್ಲೆಗಳು ಬರುತ್ತವೆ, ಸಕ್ಕರೆ ಹೆಚ್ಚಾದವರು ಬರುತ್ತಾರೆ. ಕುವೆಂಪು ಇಲ್ಲಿ ನಡೆದರು, ಕವಿತೆ ಬರೆದರು. ಓಡುವವರಿಗೆ ಕವಿತೆ ಹೊಳೆಯುವುದಿಲ್ಲ, ಅಷ್ಟು ದಮ್ಮು ಉಳಿದಿರುವುದಿಲ್ಲ. ಆದರೆ ಏರಿಯ ಮೇಲಿನ ಮಣ್ಣುದಾರಿ ಕಾಲಿಗೆ ಹಿತ, ನೆರಳಿದೆ, ಸ್ಕೂಟರು ಅಡ್ಡ ಬರುವುದಿಲ್ಲ. ಹೊಸದಾಗಿ ಓಟ ಶುರುಮಾಡಿದವರನ್ನು ನೋಡುವುದಕ್ಕೆ ಇದಕ್ಕಿಂತ ಒಳ್ಳೆಯ ಜಾಗ ನನಗೆ ಗೊತ್ತಿಲ್ಲ.

ಹೊಸಬರ ಗುರುತು ಮೊದಲು ಸಿಗುವುದು ಕಿವಿಗೆ. ಪಟ್, ಪಟ್, ಪಟ್ ಎಂದು ಅಂಗಾಲು ನೆಲಕ್ಕೆ ಬಡಿಯುವ ಸದ್ದು ಹಿಂದಿನಿಂದ ಬರುತ್ತದೆ, ಅದರ ಮೇಲೆ ಏದುಸಿರು. ಪಕ್ಕದಲ್ಲೇ ಹಾದು ಮುಂದೆ ಹೋಗುತ್ತಾರೆ. ಮುಂದಿನ ತಿರುವಿನಲ್ಲಿ ಸೊಂಟದ ಮೇಲೆ ಕೈಯಿಟ್ಟು, ಹಕ್ಕಿ ನೋಡುತ್ತಾ ನಿಂತಿರುತ್ತಾರೆ. ಹಕ್ಕಿ ನೋಡುವುದು ಒಂದು ನೆಪ. ಮೊದಲ ವಾರ ಮೈಕೈ ನೋವು, ಅದರಲ್ಲೊಂದು ಹೆಮ್ಮೆಯೂ ಉಂಟು. ಎರಡನೆಯ ವಾರ ದಮ್ಮು ಕೂಡುತ್ತದೆ, ಉಸಿರು ಹಿಡಿತಕ್ಕೆ ಬರುತ್ತದೆ, ‘ಅಯ್ಯೋ ಇಷ್ಟೇನಾ’ ಎನ್ನಿಸಿ ಇನ್ನೊಂದು ಸುತ್ತು ಹೆಚ್ಚಾಗುತ್ತದೆ. ಮೂರನೆಯದೋ ನಾಲ್ಕನೆಯದೋ ವಾರದಲ್ಲಿ ಮೊಣಕಾಲ ಕೆಳಗೆ, ಕಣಕಾಲಿನ ಒಳಮಗ್ಗುಲಲ್ಲಿ ಮೂಳೆಯ ಅಂಚಿನುದ್ದಕ್ಕೂ ಒಂದು ನೋವು ಕಾಣಿಸಿಕೊಳ್ಳುತ್ತದೆ. ಶಿನ್ ಸ್ಪ್ಲಿಂಟ್ ಎಂದು ಇಂಟರ್ನೆಟ್ಟು ಹೆಸರು ಹೇಳಿಕೊಡುತ್ತದೆ. ಐದನೆಯ ವಾರ ಆ ಮನುಷ್ಯ ಕೆರೆಯ ಕಡೆ ಕಾಣುವುದಿಲ್ಲ. ಆಮೇಲೆ ಎಲ್ಲಾದರೂ ಮದುವೆಮನೆಯಲ್ಲಿ ಸಿಕ್ಕರೆ, ‘ಓಡೋದು ನಮ್ಮ ಬಾಡಿಗೆ ಆಗಿಬರಲ್ಲ ಸಾರ್’ ಎನ್ನುತ್ತಾರೆ.

ಬಾಡಿಗೆ ಆಗಿಬರುತ್ತದೆ. ಆದರೆ ದೇಹದ ಎಲ್ಲ ಇಲಾಖೆಗಳೂ ಒಂದೇ ವೇಗದಲ್ಲಿ ಕಡತ ವಿಲೇವಾರಿ ಮಾಡುವುದಿಲ್ಲ. ಓಟ ಶುರುವಾಗಿ ಒಂದೆರಡು ವಾರದಲ್ಲೇ ರಕ್ತದ ದ್ರವಾಂಶ ಹೆಚ್ಚುತ್ತದೆ, ಹೃದಯ ಒಂದೊಂದು ಬಡಿತಕ್ಕೂ ಮೊದಲಿಗಿಂತ ಹೆಚ್ಚು ರಕ್ತ ತಳ್ಳುತ್ತದೆ. ಕೆಲವು ವಾರಗಳಲ್ಲಿ ಸ್ನಾಯುಗಳೊಳಗೆ ಆಮ್ಲಜನಕ ಬಳಸುವ ಮೈಟೊಕಾಂಡ್ರಿಯಾಗಳು ಹೆಚ್ಚುತ್ತವೆ. ಉಸಿರಿಗೆ ಸಂಬಂಧಪಟ್ಟವರೆಲ್ಲ ಉತ್ಸಾಹಿಗಳು. ಹಿಮ್ಮಡಿಯ ಮೇಲೆ ನಾವು ‘ನರ’ ಎಂದು ಕರೆಯುವ ದಪ್ಪ ಸ್ನಾಯುರಜ್ಜು, ಅಂಗಾಲಿನ ಕೆಳಗೆ ಬಿಗಿದಿರುವ ಪಟ್ಟಿ, ಮೂಳೆ, ಇವರದು ಬೇರೆ ಲೆಕ್ಕ. ಸ್ನಾಯುರಜ್ಜಿಗೆ ರಕ್ತದ ಪೂರೈಕೆಯೇ ಕಡಿಮೆ; ಗಟ್ಟಿಯಾಗಲು ತಿಂಗಳುಗಳು ಬೇಕು.

ಮೂಳೆಯದಂತೂ ಇನ್ನೂ ವಿಚಿತ್ರ. ಹೊರೆ ಬಿದ್ದಂತೆಲ್ಲ ಮೂಳೆ ತನ್ನನ್ನು ತಾನು ಕಟ್ಟಿಕೊಳ್ಳುತ್ತದೆ ಎಂದು ಜರ್ಮನಿಯ ಶಸ್ತ್ರವೈದ್ಯ ಜೂಲಿಯಸ್ ವೋಲ್ಫ್ 1892ರಲ್ಲೇ ಬರೆದಿಟ್ಟರು. ಅದು ನಿಜ. ಆದರೆ ಹೊಸದಾಗಿ ಕಟ್ಟುವ ಮೊದಲು ಮೂಳೆ ಹಳೆಯದನ್ನು ಕೆಡವುತ್ತದೆ. ಗೋಡೆ ಸೋರುತ್ತಿದೆ ಎಂದು ಕರೆದರೆ ಗಾರೆ ಮೇಸ್ತ್ರಿ ಬಂದು ಮೊದಲ ದಿನವೇ ಹಳೆಯ ಗಾರೆಯನ್ನೆಲ್ಲ ಕೆತ್ತಿ ಕೆಡವಿ, ಇಟ್ಟಿಗೆ ಕಾಣುವಂತೆ ಮಾಡಿ, ‘ಇನ್ನು ಮುಂದಿನ ವಾರ ಬರ್ತೀನಿ’ ಎಂದು ಹೋಗುವುದಿಲ್ಲವೇ, ಅದೇ ಕ್ರಮ. ಕೆರೆಯುವ ಜೀವಕೋಶಗಳ ಕೆಲಸ ಕೆಲವು ವಾರಗಳಲ್ಲಿ ಮುಗಿಯುತ್ತದೆ, ತುಂಬುವ ಜೀವಕೋಶಗಳಿಗೆ ಕೆಲವು ತಿಂಗಳು ಬೇಕು. ನಡುವಿನ ದಿನಗಳಲ್ಲಿ ಮೂಳೆ ಓಟಕ್ಕೆ ಮುಂಚೆ ಇದ್ದುದಕ್ಕಿಂತ ತುಸು ದುರ್ಬಲವಾಗಿಯೇ ಇರುತ್ತದೆ. ಸರಿಯಾಗಿ ಆ ದಿನಗಳಲ್ಲೇ ದಮ್ಮು ಕೂಡಿ, ಓಡುವವನಿಗೆ ತಾನು ಮಿಲ್ಖಾ ಸಿಂಗ್ ಎನ್ನಿಸತೊಡಗುತ್ತದೆ.

1855ರಲ್ಲಿ ಪ್ರಷ್ಯಾದ ಸೈನ್ಯದ ವೈದ್ಯ ಬ್ರೈಟ್‌ಹಾಪ್ಟ್ ಎಂಬವರು ಕವಾಯತು ಮಾಡುವ ಸಿಪಾಯಿಗಳ ಪಾದ ಏಟಿಲ್ಲದೆಯೇ ಊದಿಕೊಂಡು ನೋಯುವುದನ್ನು ದಾಖಲಿಸಿದರು. ಕಾರಣ ತಿಳಿದಿರಲಿಲ್ಲ. ಎಕ್ಸ್‌ರೇ ಬಂದಮೇಲೆ ನೋಡಿದರೆ ಪಾದದ ಮೂಳೆಗಳಲ್ಲಿ ಕೂದಲೆಳೆಯ ಬಿರುಕು. ಯಾರೂ ಬಿದ್ದಿರಲಿಲ್ಲ, ಯಾರೂ ಹೊಡೆದಿರಲಿಲ್ಲ, ನಡೆದೇ ಮುರಿದುಕೊಂಡಿದ್ದರು. ಓಡುವಾಗ ಒಂದೊಂದು ಹೆಜ್ಜೆಗೂ ಮೈತೂಕದ ಎರಡರಿಂದ ಮೂರು ಪಟ್ಟು ಬಲ ನೆಲದಿಂದ ಕಾಲಿಗೆ ವಾಪಸು ಬರುತ್ತದೆ. ಎಪ್ಪತ್ತು ಕೇಜಿಯ ಆಸಾಮಿ ಒಂದು ಕಿಲೋಮೀಟರಿನಲ್ಲಿ ಸಾವಿರಕ್ಕೂ ಮೇಲೆ ಹೆಜ್ಜೆ ಹಾಕುತ್ತಾನೆ. ಗುಣಾಕಾರ ಮಾಡುವುದು ಬೇಡ, ಹೆದರಿಕೆಯಾಗುತ್ತದೆ. ಹೊರೆ ತಪ್ಪಲ್ಲ, ಅದೇ ಮದ್ದು ಕೂಡ. ಹೊರೆ ಬಿದ್ದು, ನಡುವೆ ಒಂದು ದಿನ ಬಿಡುವು ಸಿಕ್ಕು, ಮತ್ತೆ ಹೊರೆ ಬೀಳಬೇಕು. ಅದಕ್ಕೇ ದಿನ ಬಿಟ್ಟು ದಿನ ಓಡಿ ಎನ್ನುವುದು. ದಿನಾ ಓಡುವುದು ನಿಷ್ಠೆ ಎಂದುಕೊಳ್ಳುವವರಿಗೆ ಇದನ್ನು ಒಪ್ಪಿಸುವುದು ಕಷ್ಟ. ಏಕಾದಶಿಗೊಮ್ಮೆ ಹೊಟ್ಟೆಗೇ ಬಿಡುವು ಕೊಡುವ ನಮ್ಮ ಜನ ಕಾಲಿಗೆ ಕೊಡುವುದಿಲ್ಲ.

ಇದೆಲ್ಲ ಗೊತ್ತಿಲ್ಲದ್ದೇನಲ್ಲ. ಮೊಬೈಲಿನಲ್ಲಿ ಹುಡುಕಿದರೆ ಎಲ್ಲರಿಗೂ ಸಿಗುತ್ತದೆ, ‘ನಿಧಾನವಾಗಿ ಶುರುಮಾಡಿ’ ಎಂದು ಹೇಳದ ಪುಸ್ತಕವಿಲ್ಲ, ಡಾಕ್ಟರಿಲ್ಲ. ಹಾಗಿದ್ದೂ ಯಾರೂ ನಿಧಾನವಾಗಿ ಶುರುಮಾಡುವುದಿಲ್ಲ. ಯಾಕೆ ಎಂದು ಬಹಳ ಕಾಲ ಯೋಚಿಸಿದ್ದೇನೆ. ಸೋಮಾರಿತನ ಕಾರಣವಲ್ಲ, ಅವಸರವೂ ಅಲ್ಲ. ನಾಚಿಕೆ. ನಿಧಾನವಾಗಿ ಓಡುವುದು ಅಷ್ಟು ನಾಚಿಕೆಯ ಕೆಲಸ.

ಕಲ್ಪಿಸಿಕೊಳ್ಳಿ. ಹೊಸಬನು ಓಡಬೇಕಾದ ವೇಗ ಎಂದರೆ ಪಕ್ಕದಲ್ಲಿರುವವರ ಜೊತೆ ಪೂರಾ ವಾಕ್ಯದಲ್ಲಿ ಮಾತಾಡಲು ಸಾಧ್ಯವಾಗುವ ವೇಗ. ಅದು ನಡಿಗೆಗಿಂತ ಸ್ವಲ್ಪವೇ ಹೆಚ್ಚು, ಒಮ್ಮೊಮ್ಮೆ ಅಷ್ಟೂ ಇಲ್ಲ. ಕೆರೆಯ ಮೇಲೆ ದಿನವೂ ಬರುವ ನಿವೃತ್ತ ಹೆಡ್‌ಮಾಸ್ಟರರೊಬ್ಬರಿದ್ದಾರೆ, ಕೈಯಲ್ಲಿ ಕೊಡೆ, ತಲೆಗೆ ಮಂಕಿ ಕ್ಯಾಪು. ಅವರ ನಡಿಗೆಗೆ ಸರ್ವೀಸಿನ ಕಾಲದ ಇನ್‌ಸ್ಪೆಕ್ಷನ್ ಬಿರುಸು ಇನ್ನೂ ಇದೆ. ನಾನು ಓಡುತ್ತಿರುವಾಗ ಅವರು ನನ್ನನ್ನು ನಡೆದೇ ದಾಟಿ ಹೋಗುತ್ತಾರೆ. ದಾಟುವಾಗ ಒಂದು ಮಾತು ಬೇರೆ: ‘ಏನಪ್ಪಾ, ಓಡ್ತಾ ಇದೀಯೋ, ನಿಂತಿದೀಯೋ?’ ಇದನ್ನು ಕೇಳಿಸಿಕೊಂಡೂ ವೇಗ ಹೆಚ್ಚಿಸದಿರುವುದಕ್ಕೆ ಬೇಕಾದ ಗಟ್ಟಿತನ ಯಾವ ಜಿಮ್ಮಿನಲ್ಲೂ ಬರುವುದಿಲ್ಲ.

ಅದಕ್ಕಿಂತ ದೊಡ್ಡ ನಾಚಿಕೆ, ಓಡುತ್ತ ಓಡುತ್ತ ನಡುವೆ ನಡೆಯುವುದು. ನಿಂತರೆ ಶೂ ಲೇಸು ಕಟ್ಟುತ್ತಿದ್ದೇನೆ ಎನ್ನಬಹುದು, ಫೋನು ಬಂತು ಎನ್ನಬಹುದು. ನಡೆಯುವುದಕ್ಕೆ ನೆಪವಿಲ್ಲ. ಎಳನೀರಿನವನು ನೋಡುತ್ತಿದ್ದಾನೆ, ಕಲ್ಲುಬೆಂಚಿನ ಮೇಲೆ ಕೂತ ನಗೆಕೂಟದವರು ನೋಡುತ್ತಿದ್ದಾರೆ. ಹಾಗೆಂದು ಅವರನ್ನು ದಾಟುವವರೆಗೆ ಓಡಿ, ಮರದ ಮರೆಗೆ ಹೋದಮೇಲೆ ನಡೆಯುವವರನ್ನು ನಾನು ಎಷ್ಟೋ ಕಂಡಿದ್ದೇನೆ. ಕಣಕಾಲಿನ ಮೂಳೆ ನೋಯುವುದು ಇಂಥ ಮರಗಳು ಕಡಿಮೆಯಿರುವ ಕಡೆ.

ಈ ನಾಚಿಕೆಯನ್ನು ಒಂದು ಊರಿನ ಮಟ್ಟಿಗೆ ಹೋಗಲಾಡಿಸಿದವರು ನ್ಯೂಜಿಲೆಂಡಿನ ತರಬೇತುದಾರ ಆರ್ಥರ್ ಲಿಡಿಯರ್ಡ್. ಆತ ಒಲಿಂಪಿಕ್ ಚಿನ್ನ ಗೆದ್ದವರನ್ನು ತಯಾರು ಮಾಡಿದವರು. ಅದರ ಜೊತೆಗೆ ಆಕ್ಲೆಂಡಿನಲ್ಲಿ ಹೃದಯಾಘಾತವಾಗಿ ಚೇತರಿಸಿಕೊಂಡವರನ್ನೂ, ಹೊಟ್ಟೆ ಬಂದ ವ್ಯಾಪಾರಿಗಳನ್ನೂ ಗುಂಪು ಕಟ್ಟಿ ನಿಧಾನವಾಗಿ ಓಡಿಸತೊಡಗಿದರು. ದಣಿಯಲು ಬಂದಿಲ್ಲ, ಪಳಗಲು ಬಂದಿದ್ದೇವೆ ಎಂಬುದು ಅವರ ನಿಲುವು. 1962ರ ಕೊನೆಯಲ್ಲಿ ಅಮೆರಿಕದ ಆರೆಗಾನಿನ ಹೆಸರಾಂತ ಕೋಚ್ ಬಿಲ್ ಬೋವರ್‌ಮನ್ ಅಲ್ಲಿಗೆ ಹೋದಾಗ ಲಿಡಿಯರ್ಡ್ ಈ ಅತಿಥಿಯನ್ನೂ ಆ ಗುಂಪಿಗೆ ಸೇರಿಸಿ ಓಡಿಸಿದರು. ಬೋವರ್‌ಮನ್ನರಿಗೆ ಆಗ ಐವತ್ತೊಂದು. ದೊಡ್ಡ ದೊಡ್ಡ ಓಟಗಾರರನ್ನು ಓಡಿಸುತ್ತಿದ್ದ ಮನುಷ್ಯ, ಗಡಿಯಾರ ಕೈಯಲ್ಲಿ ಹಿಡಿದು ಅಂಚಿನಲ್ಲಿ ನಿಲ್ಲುವುದೇ ಅಭ್ಯಾಸ. ಗುಂಪು ಗುಡ್ಡ ಹತ್ತತೊಡಗಿದ ಮೇಲೆ ಬೋವರ್‌ಮನ್ ಹಿಂದೆ ಬಿದ್ದರು. ಎಪ್ಪತ್ತು ದಾಟಿದ, ಹೃದಯಾಘಾತ ಕಂಡಿದ್ದ ಮುದುಕರೊಬ್ಬರು ತಮ್ಮ ವೇಗ ತಗ್ಗಿಸಿ, ಮಾತಾಡಿಸುತ್ತಾ ಅವರನ್ನು ಕರೆತಂದರಂತೆ. ಊರಿಗೆ ಹಿಂತಿರುಗಿದ ಬೋವರ್‌ಮನ್ ಯೂಜೀನಿನಲ್ಲಿ ಸಾಮಾನ್ಯರಿಗಾಗಿ ಜಾಗಿಂಗ್ ಶುರುಮಾಡಿಸಿದರು, ಹೃದ್ರೋಗ ವೈದ್ಯರೊಬ್ಬರ ಜೊತೆ ಸೇರಿ ಪುಸ್ತಕವನ್ನೂ ಬರೆದರು. ಮುಂದೆ ಹೆಂಡತಿಯ ವಾಫಲ್ ಕಾವಲಿಯಲ್ಲಿ ರಬ್ಬರು ಹುಯ್ದು ಶೂಗೆ ಹೊಸ ಅಟ್ಟೆ ಮಾಡಲು ಹೋಗಿ ಕಾವಲಿಯನ್ನೇ ಕೆಡಿಸಿದರು. ನೈಕಿ ಕಂಪನಿಯನ್ನು ಕಟ್ಟಿದವರಲ್ಲಿ ಅವರೂ ಒಬ್ಬರು. ಇವತ್ತು ಹತ್ತು ಸಾವಿರ ಕೊಟ್ಟು ಶೂ ಕೊಳ್ಳುವ ನಾವು ಆ ಗುಡ್ಡದ ಮೇಲೆ ಹಿಂದೆ ಬಿದ್ದ ಮನುಷ್ಯನ ಋಣದಲ್ಲಿದ್ದೇವೆ.

ನಡುವೆ ನಡೆಯುವುದಕ್ಕೆ ಮರ್ಯಾದೆ ತಂದದ್ದು ಒಂಬತ್ತು ವಾರದ ಒಂದು ವೇಳಾಪಟ್ಟಿ. 1996ರಲ್ಲಿ ಜಾಷ್ ಕ್ಲಾರ್ಕ್ ಎಂಬ ಅಮೆರಿಕದ ಯುವಕ ತನ್ನ ತಾಯಿಯೂ ಓಡುವಂತಾಗಲಿ ಎಂದು ಬರೆದದ್ದು. ಅದರ ಮೊದಲ ವಾರದಲ್ಲಿ ಅರುವತ್ತು ಸೆಕೆಂಡು ಓಟ, ತೊಂಬತ್ತು ಸೆಕೆಂಡು ನಡಿಗೆ, ಹೀಗೆ ಇಪ್ಪತ್ತು ನಿಮಿಷ, ವಾರಕ್ಕೆ ಮೂರೇ ದಿನ. ಓಟಕ್ಕಿಂತ ನಡಿಗೆಯೇ ಹೆಚ್ಚು ಎಂಬುದನ್ನು ಗಮನಿಸಬೇಕು. ಬರಬರುತ್ತ ಓಟ ಹೆಚ್ಚಿ ನಡಿಗೆ ಕಡಿಮೆಯಾಗಿ, ಕೊನೆಗೆ ಅರ್ಧ ಗಂಟೆ ಎಡೆಬಿಡದೆ ಓಡುವುದು. ಬ್ರಿಟನ್ನಿನ ಸರ್ಕಾರಿ ಆರೋಗ್ಯ ಸೇವೆಯೇ ಇದನ್ನು ಎತ್ತಿಕೊಂಡಿದೆ. ಒಂಬತ್ತು ವಾರ ಎಂದಿದ್ದರೂ ಹದಿನೆಂಟು ವಾರ ತೆಗೆದುಕೊಂಡರೆ ಯಾರೂ ಫೇಲು ಮಾಡುವುದಿಲ್ಲ. ನನ್ನ ಅನುಭವದಲ್ಲಿ ನಲವತ್ತೈದು ದಾಟಿದವರಿಗೆ ಒಂದೊಂದು ವಾರವನ್ನೂ ಎರಡೆರಡು ಸಲ ಓದಿಕೊಳ್ಳುವುದು ಕ್ಷೇಮ. ಅದಕ್ಕೂ ಮೊದಲು ಅರ್ಧ ಗಂಟೆ ಬಿರುಸಾಗಿ ನಡೆದು ತೊಂದರೆಯಿಲ್ಲ ಎನ್ನಿಸುವಷ್ಟು ದಿನ ಬರೀ ನಡೆದಿರಬೇಕು.

ವಾರದಿಂದ ವಾರಕ್ಕೆ ಹತ್ತು ಪರ್ಸೆಂಟಿಗಿಂತ ಹೆಚ್ಚು ಏರಿಸಬಾರದು ಎಂಬ ಸೂತ್ರವೊಂದು ಓಟಗಾರರಲ್ಲಿ ಚಾಲ್ತಿಯಲ್ಲಿದೆ. ನೆದರ್‌ಲೆಂಡ್ಸಿನ ಗ್ರೋನಿಂಗನ್ನಿನಲ್ಲಿ ಇದನ್ನೇ ಪರೀಕ್ಷೆಗಿಟ್ಟರು. ಸುಮಾರು ಐನೂರು ಮೂವತ್ತು ಹೊಸ ಓಟಗಾರರು. ಅರ್ಧದಷ್ಟು ಮಂದಿಗೆ ಎಂಟು ವಾರದ ಮಾಮೂಲಿ ತರಬೇತಿ, ಉಳಿದವರಿಗೆ ಹತ್ತು ಪರ್ಸೆಂಟಿನ ಲೆಕ್ಕದಲ್ಲಿ ಹದಿಮೂರು ವಾರ. 2008ರಲ್ಲಿ ಬಂದ ಫಲಿತಾಂಶ: ಎರಡೂ ಕಡೆ ಐವರಲ್ಲಿ ಒಬ್ಬರಿಗೆ ಪೆಟ್ಟು, ವ್ಯತ್ಯಾಸವೇ ಇಲ್ಲ. ಇದನ್ನು ಓದಿದ ನನ್ನ ಭಾವಮೈದುನ, ‘ಹಾಗಾದ್ರೆ ನಿಧಾನಕ್ಕೆ ಹೋಗಿ ಏನ್ ಬಂತು ಭಾವ?’ ಎಂದ. ಅವನು ಲೆಕ್ಕಪರಿಶೋಧಕ, ಅಂಕಿ ನೋಡಿ ಮಾತಾಡುತ್ತಾನೆ. ನನಗೆ ಕಂಡದ್ದು ಬೇರೆ. ಕಾಲಿಗೆ ಪರ್ಸೆಂಟು ಗೊತ್ತಿಲ್ಲ. ರಾತ್ರಿ ನಿದ್ದೆ ಎಷ್ಟಾಯಿತು, ಹೋದ ವರ್ಷ ಎಲ್ಲಿ ಉಳುಕಿತ್ತು, ಮೊನ್ನೆ ಗೃಹಪ್ರವೇಶದಲ್ಲಿ ದಿನವಿಡೀ ನಿಂತೇ ಇದ್ದದ್ದು, ಇವೆಲ್ಲ ಅದಕ್ಕೆ ಗೊತ್ತು. ವೇಳಾಪಟ್ಟಿಯಲ್ಲಿ ಇದ್ದದ್ದಕ್ಕೇ ನೋಯುವ ಕಾಲಿನಲ್ಲಿ ಓಡುವವನು ಹದಿಮೂರು ವಾರವಾದರೂ ಬೀಳುತ್ತಾನೆ.

ಯಾವ ನೋವಿಗೆ ನಿಲ್ಲಬೇಕು, ಯಾವುದಕ್ಕೆ ಬೇಡ ಎನ್ನುವುದೇ ನಿಜವಾದ ವಿದ್ಯೆ. ಮೈಸೂರಿನವರಿಗೆ ಇದರ ಮೊದಲ ಪಾಠ ಚಾಮುಂಡಿ ಬೆಟ್ಟದಲ್ಲಿ ಆಗಿರುತ್ತದೆ. ಸಾವಿರ ಮೆಟ್ಟಿಲು ಹತ್ತಿ, ದೇವಿಯ ದರ್ಶನ ಮಾಡಿ, ಹುಮ್ಮಸ್ಸಿನಲ್ಲಿ ಕುಣಿಯುತ್ತಾ ಇಳಿದು ಬರುತ್ತೇವೆ. ಅವತ್ತು ಏನೂ ಇಲ್ಲ. ಮಾರನೆಯ ದಿನ ತೊಡೆ ಹಿಡಿಯುತ್ತದೆ, ಅದರ ಮಾರನೆಯ ದಿನ ಕಮೋಡಿನ ಮೇಲೆ ಕೂರಲು ಗೋಡೆ ಬೇಕು. ಎಲ್ಲರೂ ಹತ್ತಿದ್ದನ್ನು ಬೈಯುತ್ತಾರೆ, ನೋಯಿಸಿದ್ದು ಇಳಿದದ್ದು. ಇಳಿಯುವಾಗ ತೊಡೆಯ ಸ್ನಾಯು ಉದ್ದವಾಗುತ್ತಲೇ ಮೈಭಾರ ತಡೆದು ಹಿಡಿಯಬೇಕು, ಆಗ ಅದರ ಎಳೆಗಳಲ್ಲಿ ಸೂಕ್ಷ್ಮವಾದ ಹರುಕುಗಳಾಗುತ್ತವೆ. ಲ್ಯಾಕ್ಟಿಕ್ ಆಸಿಡ್ ಸೇರಿಕೊಂಡಿದೆ ಎಂದು ಪಾರ್ಕಿನ ಪಂಡಿತರು ಹೇಳುವುದು ಸುಳ್ಳು, ಅದು ಓಟ ಮುಗಿದು ಗಂಟೆಯೊಂದರಲ್ಲೇ ಕರಗಿಹೋಗಿರುತ್ತದೆ. ಎರಡೂ ಕಾಲಿಗೆ ಸಮನಾಗಿ, ಮಾಂಸದ ತುಂಬ ಹರಡಿಕೊಂಡ ಈ ನೋವು ಎರಡು ಮೂರು ದಿನಗಳಲ್ಲಿ ತಾನಾಗಿ ಇಳಿಯುತ್ತದೆ, ಅಷ್ಟರಲ್ಲಿ ಅಮೃತಾಂಜನಕ್ಕೋ ಎಳ್ಳೆಣ್ಣೆಗೋ ಕೀರ್ತಿ ಬಂದಿರುತ್ತದೆ. ಅಂದಹಾಗೆ ಬೆಟ್ಟ ಹತ್ತುವವರಲ್ಲಿ ನಾನು ಕಂಡ ಅತ್ಯುತ್ತಮ ವೇಗ ಹರಕೆ ಹೊತ್ತು ಒಂದೊಂದು ಮೆಟ್ಟಿಲಿಗೂ ಅರಿಸಿನ ಕುಂಕುಮ ಹಚ್ಚುತ್ತ ಹೋಗುವ ಹೆಂಗಸರದು. ನಂದಿಯ ಬಳಿ ಏದುಸಿರು ಬಿಡುತ್ತ ಕೂತವರಲ್ಲಿ ಅವರು ಇರುವುದಿಲ್ಲ.

ಭಯಪಡಬೇಕಾದ ನೋವು ಒಂದೇ ಕಾಲಿನಲ್ಲಿರುತ್ತದೆ, ಬೆರಳಿಟ್ಟು ತೋರಿಸುವಷ್ಟು ಜಾಗದಲ್ಲಿರುತ್ತದೆ. ಓಡುತ್ತ ಹೋದಂತೆ ಹೆಚ್ಚುತ್ತದೆ, ನಡಿಗೆಯನ್ನೇ ಸೊಟ್ಟ ಮಾಡುತ್ತದೆ, ಮಲಗಿದಾಗಲೂ ಬಿಡುವುದಿಲ್ಲ. ಮೂಳೆಯ ಮೇಲೆ ಇಂಥ ನೋವು ಬಂದರೆ ವಾದ ಬೇಡ, ಮೂಳೆ ಡಾಕ್ಟರ ಹತ್ತಿರ ಹೋಗುವುದೇ. ಇವೆರಡರ ನಡುವೆ ಇನ್ನೂ ಕೆಲವು ಇವೆ. ಬೆಳಿಗ್ಗೆ ಹಾಸಿಗೆಯಿಂದ ಇಳಿದು ಮೊದಲ ಹೆಜ್ಜೆ ಇಟ್ಟಾಗ ಹಿಮ್ಮಡಿಯ ಕೆಳಗೆ ಮೊಳೆ ಚುಚ್ಚಿದ ಅನುಭವವಾಗಿ, ನಾಲ್ಕು ಹೆಜ್ಜೆಗೆ ಸಡಿಲವಾಗುವುದು ಅಂಗಾಲಿನ ಪಟ್ಟಿಯದು. ಮೆಟ್ಟಿಲು ಇಳಿಯುವಾಗ ಮಂಡಿಚಿಪ್ಪಿನ ಸುತ್ತ ನೋಯುವುದು ಓಟಗಾರರ ಮಂಡಿ. ಓಟ ಕಡಿಮೆ ಮಾಡಿ, ಸ್ನಾಯು ಗಟ್ಟಿ ಮಾಡಿಕೊಂಡರೆ ಇವು ಬಹುಮಟ್ಟಿಗೆ ಹೋಗುತ್ತವೆ, ಆದರೆ ತಿಂಗಳುಗಟ್ಟಲೆ ಸತಾಯಿಸಿ ಹೋಗುತ್ತವೆ. ನೋವಿನ ಮಾತ್ರೆ ನುಂಗಿ ಓಡುವುದೊಂದು ಬೇಡ. ಹೇಳುವವನ ಬಾಯಿ ಕಟ್ಟಿದಂತಾಯಿತು. ಎದೆ ಹಿಡಿದರೆ, ತಲೆ ತಿರುಗಿದರೆ ಅಲ್ಲೇ ನಿಲ್ಲಬೇಕು. ಅಮೆರಿಕದಲ್ಲಿ ಓಟದ ಹುಚ್ಚು ಹಬ್ಬಿಸಿದ ಪುಸ್ತಕವನ್ನು 1977ರಲ್ಲಿ ಬರೆದ ಜಿಮ್ ಫಿಕ್ಸ್ 1984ರಲ್ಲಿ ಓಡುವಾಗಲೇ ಹೃದಯಾಘಾತದಿಂದ ತೀರಿಕೊಂಡರು, ಐವತ್ತೆರಡರ ವಯಸ್ಸಿಗೆ. ಅವರ ತಂದೆ ನಲವತ್ಮೂರಕ್ಕೇ ಹೃದ್ರೋಗದಿಂದ ಹೋಗಿದ್ದರು. ಲ್ಯಾಬ್ ರಿಪೋರ್ಟಿನ ಜೊತೆ ಅಪ್ಪ, ಚಿಕ್ಕಪ್ಪಂದಿರ ಕಥೆಯನ್ನೂ ಡಾಕ್ಟರಿಗೆ ಹೇಳಿಯೇ ಶೂ ಕೊಳ್ಳುವುದು ಒಳ್ಳೆಯದು.

ಶೂ ಅಂಗಡಿಗೆ ಹೋದರೆ ನಿಮ್ಮ ಪಾದದ ಜಾತಕ ಬರೆಯುತ್ತಾರೆ. ಗಾಜಿನ ಮೇಲೆ ನಿಲ್ಲಿಸಿ, ಚಪ್ಪಟೆ ಪಾದ, ಕಮಾನು ಪಾದ ಎಂದು ವಿಂಗಡಿಸಿ, ಅದಕ್ಕೆ ತಕ್ಕ ಶೂ, ತಕ್ಕ ಬೆಲೆ. ಅಮೆರಿಕದ ಭೂಸೇನೆ, ವಾಯುಪಡೆ, ಮರೀನ್ ಪಡೆ ಮೂರರಲ್ಲೂ ಹೊಸ ಸಿಪಾಯಿಗಳಿಗೆ ಹೀಗೆ ಪಾದ ನೋಡಿ ಶೂ ಕೊಟ್ಟು, ಇನ್ನೊಂದು ಗುಂಪಿಗೆ ಎಲ್ಲರಿಗೂ ಒಂದೇ ಬಗೆಯ ಶೂ ಕೊಟ್ಟು ನೋಡಿದರು. ಪೆಟ್ಟುಗಳ ಸಂಖ್ಯೆಯಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಹಾಕಿಕೊಂಡ ಕೂಡಲೇ ಹಿತವೆನ್ನಿಸಿದ್ದನ್ನು, ಬೆರಳ ಮುಂದೆ ಹೆಬ್ಬೆರಳ ಅಗಲ ಜಾಗವಿರುವುದನ್ನು, ಪಾದ ಸ್ವಲ್ಪ ಊದಿರುವ ಸಂಜೆ ಹೊತ್ತಿನಲ್ಲಿ ಕೊಂಡರೆ ಸಾಕು. ಪಿಟಿ ಪೀರಿಯಡ್ಡಿಗೆ ಸೀಮೆಸುಣ್ಣ ಬಳಿದ ಕ್ಯಾನ್ವಾಸ್ ಶೂ ಹಾಕಿ ಬೆಳೆದ ತಲೆಮಾರಿಗೆ ಯಾವ ಶೂವೂ ಹಿತವೇ.

ಪಿಟಿ ಮೇಷ್ಟ್ರು ಕಲಿಸಿದ್ದರಲ್ಲಿ ಒಂದನ್ನು ಕೈಬಿಡಬಹುದು: ಓಟಕ್ಕೆ ಮುಂಚೆ ಬಗ್ಗಿ ಕಾಲ್ಬೆರಳು ಹಿಡಿದು ಎಣಿಸುವುದು. ಆಸ್ಟ್ರೇಲಿಯಾದ ಸೈನ್ಯದಲ್ಲಿ ಒಂದೂವರೆ ಸಾವಿರ ಹೊಸಬರ ಮೇಲೆ ಪ್ರಯೋಗ ಮಾಡಿ ನೋಡಿದರೂ, ಸ್ನಾಯು ಎಳೆದು ಹಿಡಿದವರಿಗೂ ಹಿಡಿಯದವರಿಗೂ ಪೆಟ್ಟು ಆದದ್ದು ಒಂದೇ ಪ್ರಮಾಣದಲ್ಲಿ. ಐದು ಹತ್ತು ನಿಮಿಷ ನಡೆದು ಮೈ ಬಿಸಿ ಮಾಡಿಕೊಳ್ಳುವುದೇ ಮೇಲು. ಆದರೆ ಅದೇ ಮೇಷ್ಟ್ರು ಶಿಕ್ಷೆಯೆಂದು ಹೊಡೆಸುತ್ತಿದ್ದ ಬಸ್ಕಿ ಇದೆಯಲ್ಲ, ಅದನ್ನು ಮತ್ತೆ ಶುರುಮಾಡಬೇಕು. 2014ರಲ್ಲಿ ಡೆನ್ಮಾರ್ಕಿನ ಸಂಶೋಧಕರು ಹಿಂದಿನ ಅಧ್ಯಯನಗಳನ್ನೆಲ್ಲ ಒಟ್ಟುಗೂಡಿಸಿ ನೋಡಿದಾಗ ಆಟೋಟದ ಪೆಟ್ಟುಗಳನ್ನು ಎಲ್ಲಕ್ಕಿಂತ ಚೆನ್ನಾಗಿ ತಡೆದದ್ದು ಸ್ನಾಯು ಬಲಪಡಿಸುವ ವ್ಯಾಯಾಮ. ಗಣಪತಿಯ ಮುಂದೆ ಕಿವಿ ಹಿಡಿದು ಮೂರು ಹಾಕುವವರು ಕಿವಿ ಬಿಟ್ಟು ಇನ್ನೂ ಹತ್ತು ಹಾಕಿದರೆ ತೊಡೆಗೂ ಸೊಂಟಕ್ಕೂ ಆಯಿತು. ಮೆಟ್ಟಿಲಂಚಿನಲ್ಲಿ ನಿಂತು ಹಿಮ್ಮಡಿ ಎತ್ತಿ ನಿಧಾನವಾಗಿ ಇಳಿಸುವುದು ಮೀನಖಂಡಕ್ಕೆ. ಕುಕ್ಕರಿನ ಮೂರು ವಿಷಲ್ಲಿನೊಳಗೆ ಮುಗಿಯುತ್ತದೆ.

ಇನ್ನು ಆ ಪಟ್ ಪಟ್ ಸದ್ದು. ಹೊಸಬರು ಕಾಲನ್ನು ಬಹಳ ಮುಂದೆ ಚಾಚಿ ಇಡುತ್ತಾರೆ, ದೊಡ್ಡ ಹೆಜ್ಜೆ ಹಾಕಿದರೆ ಓಟ ಎಂದು. ಅದೇ ವೇಗದಲ್ಲಿ ಹೆಜ್ಜೆಯನ್ನು ಚಿಕ್ಕದು ಮಾಡಿ, ನಿಮಿಷಕ್ಕೆ ಹಾಕುವ ಹೆಜ್ಜೆಗಳ ಸಂಖ್ಯೆಯನ್ನು ಐದರಿಂದ ಹತ್ತು ಪರ್ಸೆಂಟು ಹೆಚ್ಚಿಸಿದರೆ ಮಂಡಿಯ ಮೇಲಿನ ಹೊರೆ ಗಣನೀಯವಾಗಿ ಇಳಿಯುತ್ತದೆ ಎಂದು 2011ರಲ್ಲಿ ವಿಸ್ಕಾನ್ಸಿನ್ನಿನವರು ಅಳೆದು ತೋರಿಸಿದ್ದಾರೆ. ಚಿಕ್ಕ ಹೆಜ್ಜೆ ನೋಡುವುದಕ್ಕೆ ಚೆಂದವಲ್ಲ. ಅಲ್ಲಿಗೆ ಮತ್ತೆ ನಾಚಿಕೆಯ ಹತ್ತಿರವೇ ಬಂದೆವು.

ಆ ವಿಷಯದಲ್ಲಿ ನನಗೆ ಮೆಚ್ಚುಗೆಯಾದ ಕನ್ನಡನಾಡಿನ ಓಟಗಾರ ಮೂಡುಬಿದಿರೆ ಕಡೆಯ ಕಂಬಳದ ಶ್ರೀನಿವಾಸ ಗೌಡರು. 2020ರ ಫೆಬ್ರವರಿಯಲ್ಲಿ ಐಕಳದ ಕಂಬಳದಲ್ಲಿ ಕೋಣಗಳ ಹಿಂದೆ 142.5 ಮೀಟರನ್ನು 13.62 ಸೆಕೆಂಡಿನಲ್ಲಿ ಓಡಿದರು. ಯಾರೋ ಅದನ್ನು ನೂರು ಮೀಟರಿಗೆ ಭಾಗಿಸಿ 9.55 ಎಂದರು, ಉಸೇನ್ ಬೋಲ್ಟನನ್ನೇ ಮೀರಿಸಿದ ಎಂದು ದೇಶವೇ ಎದ್ದು ಕೂತಿತು. ಕೋಣಗಳು ಎಳೆದದ್ದು ಲೆಕ್ಕಕ್ಕೆ ಬರಲಿಲ್ಲ. ಕ್ರೀಡಾ ಪ್ರಾಧಿಕಾರ ಬೆಂಗಳೂರಿಗೆ ಕರೆಯಿತು. ಗೌಡರು, ಕಾಲಿಗೆ ನೋವಾಗಿದೆ, ನನಗೆ ಅಭ್ಯಾಸವಿರುವುದು ಗದ್ದೆಯ ಕೆಸರು, ಗಮನ ಕಂಬಳದ ಮೇಲಿದೆ ಎಂಬರ್ಥದ ಮಾತು ಹೇಳಿ ಪರೀಕ್ಷೆಗೆ ಬರುವುದಿಲ್ಲ ಎಂದರು. ಇಡೀ ದೇಶ ನೋಡುತ್ತಿರುವಾಗ ‘ಕಾಲು ನೋಯ್ತಿದೆ, ಓಡಲ್ಲ’ ಎನ್ನಲು ಎಷ್ಟು ಮಂದಿಗೆ ಸಾಧ್ಯ? ಕೆಸರಿನಲ್ಲಿ ಬರಿಗಾಲಲ್ಲಿ ಪಳಗಿದ ಕಾಲು ಸಿಂಥೆಟಿಕ್ ಟ್ರ್ಯಾಕಿನ ಮೇಲೆ ಒಂದು ವಾರದಲ್ಲಿ ಪಳಗುವುದಿಲ್ಲ ಎಂಬುದು ಅವರಿಗೆ ಯಾವ ಸಂಶೋಧನೆಯೂ ಇಲ್ಲದೆ ಗೊತ್ತಿತ್ತು.

ಇನ್ನೊಬ್ಬರು ಫೌಜಾ ಸಿಂಗ್. ಪಂಜಾಬಿನ ರೈತ, ಇಳಿವಯಸ್ಸಿನಲ್ಲಿ ಲಂಡನ್ನಿಗೆ ಹೋಗಿ ನೆಲೆಸಿ, ಎಂಬತ್ತೊಂಬತ್ತರಲ್ಲಿ ಮೊದಲ ಮ್ಯಾರಥಾನ್ ಓಡಿದವರು, 2000ದಲ್ಲಿ. 2011ರಲ್ಲಿ, ನೂರು ತುಂಬಿತ್ತು ಎನ್ನುತ್ತಾರೆ, ಟೊರಾಂಟೊದಲ್ಲಿ ನಲವತ್ತೆರಡು ಕಿಲೋಮೀಟರನ್ನು ಎಂಟು ಗಂಟೆಗೂ ಹೆಚ್ಚು ಹೊತ್ತು ತೆಗೆದುಕೊಂಡು ಮುಗಿಸಿದರು. ಜನನ ಪತ್ರ ಇಲ್ಲವೆಂದು ಗಿನ್ನೆಸ್‌ನವರು ದಾಖಲೆ ಒಪ್ಪಲಿಲ್ಲ. ಎಂಟು ಗಂಟೆ! ನಮ್ಮ ಹೆಡ್‌ಮಾಸ್ಟರರು ಅಲ್ಲಿದ್ದಿದ್ದರೆ ಅವರನ್ನೂ ದಾಟಿ, ಒಂದು ಮಾತು ಹೇಳಿಯೇ ಹೋಗುತ್ತಿದ್ದರೇನೋ.

ಓಡಿದರೆ ಮಂಡಿ ಸವೆಯುತ್ತದೆ ಎಂದು ನೀವು ಹೇಳುತ್ತಿರಬಹುದು. ಎಲ್ಲರೂ ಹೇಳುತ್ತಾರೆ. 2017ರಲ್ಲಿ ಹಲವಾರು ಅಧ್ಯಯನಗಳನ್ನು ಕೂಡಿಸಿ ನೋಡಿದ ವರದಿಯೊಂದರಲ್ಲಿ ಹವ್ಯಾಸಕ್ಕೆ ಓಡುವವರಲ್ಲಿ ಮಂಡಿ ಅಥವಾ ಸೊಂಟದ ಸಂಧಿವಾತ ಕಂಡದ್ದು ನೂರಕ್ಕೆ 3.5 ಮಂದಿಗೆ, ಓಡದೆ ಕೂತವರಲ್ಲಿ 10.2 ಮಂದಿಗೆ. ಸ್ಪರ್ಧೆಗೆಂದೇ ಓಡಿದವರಲ್ಲಿ 13.3. ಮಂಡಿ ಚೆನ್ನಾಗಿರುವವರೇ ಓಟದಲ್ಲಿ ಉಳಿಯುತ್ತಾರೆ ಎಂಬ ಅನುಮಾನ ಸಾಧುವೇ. ಆದರೂ ಸೋಫಾ ಮಂಡಿಯನ್ನು ಕಾಪಾಡುತ್ತದೆ ಎಂಬ ನಂಬಿಕೆಗೆ ಅದರಲ್ಲಿ ಆಧಾರವಿಲ್ಲ.

ನಮ್ಮ ಮನೆಯಲ್ಲಿ ಈ ವಿದ್ಯೆ ಸರಿಯಾಗಿ ಬಂದದ್ದು ನನಗಲ್ಲ, ಅತ್ತಿಗೆಗೆ. ಐವತ್ತನಾಲ್ಕರಲ್ಲಿ ಶುರುಮಾಡಿದರು. ಮುಟ್ಟು ನಿಂತಮೇಲೆ ಮೂಳೆ ಸವೆಯುತ್ತದೆ, ಮೂಳೆಗೆ ಸ್ವಲ್ಪ ಕೆಲಸ ಕೊಡಿ ಎಂದು ಡಾಕ್ಟರು ಹೇಳಿದ್ದರು. ಚೂಡಿದಾರದ ದುಪಟ್ಟಾವನ್ನು ಸೊಂಟಕ್ಕೆ ಬಿಗಿದು, ಎದುರುಮನೆಯಾಕೆಯ ಜೊತೆ ಹೊರಡುತ್ತಾರೆ. ಒಂದು ಲೈಟುಕಂಬದಿಂದ ಇನ್ನೊಂದಕ್ಕೆ ಓಟ, ಅಲ್ಲಿಂದ ಮುಂದಿನ ಎರಡು ಕಂಬ ನಡಿಗೆ. ಮಾತು ಮಾತ್ರ ಎಲ್ಲೂ ನಿಲ್ಲುವುದಿಲ್ಲ, ಹಾಗಾಗಿ ವೇಗ ಎಂದೂ ಮೀರುವುದಿಲ್ಲ. ಎದುರುಮನೆಯಾಕೆ ಊರಿಗೆ ಹೋದ ವಾರ ಇವರೂ ಬರೀ ನಡೆದರು. ಜನ ನೋಡಿದರೆ ಮುಜುಗರವಾಗುವುದಿಲ್ಲವೇ ಎಂದು ಒಮ್ಮೆ ಕೇಳಿದೆ. ‘ನೋಡೋರು ಓಡಿದ್ರೂ ನೋಡ್ತಾರೆ, ನಡೆದ್ರೂ ನೋಡ್ತಾರೆ, ಬಾಗಿಲಲ್ಲಿ ರಂಗೋಲಿ ಹಾಕ್ತಾ ಇದ್ರೂ ನೋಡ್ತಾರೆ. ನಿಮಗೆ ಇದೇ ಮೊದಲು ಅನ್ಸುತ್ತೆ, ಅದಕ್ಕೇ ಕಷ್ಟ’ ಎಂದರು.

ಬೆಂಗಳೂರಿನಲ್ಲಿ 2008ರಿಂದ ಹತ್ತು ಕಿಲೋಮೀಟರಿನ ದೊಡ್ಡ ಓಟವೊಂದು ನಡೆಯುತ್ತದೆ. ಜಗತ್ತಿನ ವೇಗಿಗಳು ಮುಂದೆ ಓಡುತ್ತಾರೆ, ಹಿಂದೆ ಸಾವಿರಾರು ಜನ. ಹೋದ ತಿಂಗಳು ಅತ್ತಿಗೆಯ ಮಗ ಅಮ್ಮನ ಹೆಸರು ಬರೆಸಿಬಿಡುತ್ತೇನೆ ಎಂದು ಬೆಂಗಳೂರಿನಿಂದ ಫೋನು ಮಾಡಿದ. ಅವರು ಮೊದಲು ಕೇಳಿದ್ದು ಇನ್ನು ಎಷ್ಟು ತಿಂಗಳಿದೆ ಎಂದು. ಎರಡು ಎಂದ. ‘ಎರಡರಲ್ಲಿ ಆಗಲ್ಲ ಕಣೋ, ಮುಂದಿನ ವರ್ಷಕ್ಕೆ ಬರೆಸು’ ಎಂದರು. ಮತ್ತೆ ಫೋನು ಇಡುವ ಮುಂಚೆ ಇನ್ನೊಂದು ಕೇಳಿದರು:

‘ನಡುವೆ ನಡೆಯೋಕೆ ಬಿಡ್ತಾರಾ?’

‘ಬಿಡ್ತಾರಮ್ಮ. ಆದ್ರೆ ದಾರಿಯುದ್ದಕ್ಕೂ ಫೋಟೋ ತೆಗೀತಿರ್ತಾರೆ, ನೋಡ್ಕೋ.’

‘ತೆಗೀಲಿ ಬಿಡು. ಓಡುವಾಗ ತೆಗೆದದ್ರಲ್ಲಿ ಎಲ್ಲರದ್ದೂ ಬಾಯಿ ತೆರೆದಿರುತ್ತೆ.’